ಹತ್ತು ಪ್ರಶ್ನೆ ಹೊತ್ತ ಶಾಲು

ನವೀನ,

ಮೊದಲು ‘ಪ್ರಿಯ’ ಎಂದು ಬರೆದಿದ್ದೆ, ಅಳಿಸಿದೆ. ನಾನು ಬನಹಟ್ಟಿಯ ನಂದಾ, ಹುಲೆಪ್ಪನ ಮಗಳು. ತುಂಬಿದ ಸಭೆಯಲ್ಲಿ ನೀನು ಕುಡುಕ ಎಂದೆಯಲ್ಲ, ಅದೇ ಹುಲೆಪ್ಪ.

ಕ್ಷೇಮವೇ ಎಂದು ಕೇಳುವುದಿಲ್ಲ. ಮುಧೋಳದಲ್ಲಿ ದೊಡ್ಡ ಕೆಲಸ ಹಿಡಿದಿದ್ದೀ, ಹೊಸ ಬೈಕಿನಲ್ಲಿ ಓಡಾಡುತ್ತೀ ಎಂದು ಕಂಡವರೆಲ್ಲ ಹೇಳುತ್ತಾರೆ. ನಮ್ಮ ನೇಕಾರ ಸಂಘದ ಜಮಖಂಡಿ ಕಚೇರಿಯಲ್ಲಿ ನೀನು ಬಿಟ್ಟುಹೋದ ಕುರ್ಚಿಯಲ್ಲಿ ಈಗ ನಾನು ಕೂತಿದ್ದೇನೆ. ನೀನು ಬರೆದ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದ್ದೇನೆ. ಹಾಗಾಗಿ ಈ ಪತ್ರ.

ಎರಡು ವರ್ಷದ ಹಿಂದಿನ ಆ ಶಾಲು ನಿನಗೆ ಮರೆತಿರಬಹುದು. ನಿವೃತ್ತರಾದ ಅಣ್ಣಾಸಾಹೇಬ ಮಾಸ್ತರರ ಸತ್ಕಾರಕ್ಕೆ, ಅವರ ಹೆಸರನ್ನೇ ಅಂಚಿನಲ್ಲಿ ನೇಯ್ದ ಶಾಲು ಬೇಕಿತ್ತು. ನೀನು ಕಂಪ್ಯೂಟರಿನಲ್ಲಿ ವಿವರ ತುಂಬಿದೆ, ಪ್ರೋಗ್ರಾಂ ಅದನ್ನು ಬನಹಟ್ಟಿಗೆ ಮೇಲ್ ಮಾಡಿತು. ಸೈಬರ್ ಅಂಗಡಿಯವರು ಪ್ರಿಂಟ್ ತೆಗೆದು ಅಪ್ಪನ ಕೈಗಿಟ್ಟರು. ಅಳತೆ, ಬಣ್ಣ, ತಾರೀಕು ಎಲ್ಲ ಇಂಗ್ಲಿಷಿನಲ್ಲಿ ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಇರಬೇಕಾಗಿದ್ದ ಹೆಸರಿನ ಜಾಗದಲ್ಲಿ ಮಾತ್ರ ಸಾಲಾಗಿ ಹತ್ತು ಪ್ರಶ್ನಾರ್ಥಕ ಚಿಹ್ನೆ, ಕೊಕ್ಕೆಗಳ ಹಾಗೆ.

ಅಪ್ಪನ ನೇಮ ನಿನಗೆ ಗೊತ್ತು. ಗಿರಾಕಿ ಕಳಿಸಿದ ಹಾಳೆಗೆ ನೇಕಾರ ಕೈ ಹಚ್ಚಬಾರದು, ಒಂದು ಚುಕ್ಕೆಯನ್ನೂ ತಿದ್ದಬಾರದು. ಗುಜರಾತಿ ಅಂಗಡಿಗಳ ಹೆಸರು, ಯಾವುದೋ ಕಂಪನಿಗಳ ಗುರುತು, ತಾನು ಓದಲಾಗದ ಎಷ್ಟನ್ನೋ ಎಳೆ ಎಣಿಸಿ ಇದ್ದ ಹಾಗೇ ಮೂಡಿಸಿದ ಕೈ ಅದು. ಆದರೂ ಅಂದು ಅವನಿಗೆ ಅನುಮಾನ ಬಂದು ನಿನಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ನಿಂತಿದ್ದೆ.

“ತಮ್ಮಾ, ಹೆಸರ ಕಾಣವಲ್ದು, ಬರೇ ಕೊಕ್ಕಿ ಬಂದಾವು. ಏನ್ ಮಾಡ್ಲಿ?”

“ಕಾಕಾ, ಹಾಳ್ಯಾಗ ಹೆಂಗೈತಿ ಹಂಗ ನೇಯ್ರಿ. ಸುಮ್ನ ತಲಿ ಓಡಸಬ್ಯಾಡ್ರಿ.”

ಇದು ನಿನ್ನ ಮಾತು. ನನ್ನ ಕಿವಿಯಾರೆ ಕೇಳಿದ್ದು.

ಅಪ್ಪ ನೇಯ್ದ. ಸತ್ಕಾರದ ದಿನ ಮಾಸ್ತರರ ಹೆಗಲ ಮೇಲೆ ಶಾಲು ಬಿಚ್ಚಿದಾಗ ಮುಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ, ಆಮೇಲೆ ಸಭಾಂಗಣವೇ ನಕ್ಕಿತು. ಮರುದಿನ ಸಂಘದ ಸಭೆ ಕೂಡಿತು. ಅಪ್ಪ ಇಟ್ಟುಕೊಂಡಿದ್ದ ಪ್ರಿಂಟಿನ ಹಾಳೆಯನ್ನು ಯಾರೂ ಮುಟ್ಟಿಯೂ ನೋಡಲಿಲ್ಲ. ನೀನು ಎಲ್ಲರನ್ನೂ ನಿನ್ನ ಪರದೆಯ ಮುಂದೆ ಕರೆದೊಯ್ದು ತೋರಿಸಿದೆ. ಅಲ್ಲಿ ಹೆಸರು ಅಚ್ಚುಕಟ್ಟಾಗಿ ಕನ್ನಡದಲ್ಲಿತ್ತು. ಫೋನ್ ಬಂದೇ ಇಲ್ಲ ಎಂದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ.

“ಹೆಸರಿನ್ಯಾಗ ಇರೂದು ಐದು ಅಕ್ಷರ. ಶಾಲಿನ್ಯಾಗ ಹತ್ತು ಕೊಕ್ಕಿ ಅದಾವು. ಕಂಪ್ಯೂಟರ್ ತಪ್ಪ ಮಾಡಿದ್ರ ಬರೇ ಐದ ಬರ್ತಿದ್ವು. ಮುದುಕ ಕುಡದು ನೇಯ್ದಾನ್ರಿ.”

ಕೊರಳಲ್ಲಿ ಲಿಂಗ ಕಟ್ಟಿದ, ಒಂದು ತೊಟ್ಟು ಕುಡಿಯದ ಮನುಷ್ಯ ತಲೆ ತಗ್ಗಿಸಿ ಕೂತ. ನಾನು ಎದ್ದು ನಿಂತೆ. ಮಗಳ ಸಾಕ್ಷಿ ನಡೆಯದು ಎಂದು ಅಧ್ಯಕ್ಷ ತುಕಾರಾಮಣ್ಣ ಕೂರಿಸಿದರು. ಅಂದಿನಿಂದ ಹೆಸರು ನೇಯುವ ಕೆಲಸ ಅಪ್ಪನಿಗೆ ಬರಲಿಲ್ಲ. ಈಗ ಬರೀ ಟವೆಲ್ ನೇಯುತ್ತಾನೆ. ನಮ್ಮ ಅಡುಗೆಮನೆಯಲ್ಲಿ ಕೂತು ಅವ್ವನ ಕೈಯ ಬಿಸಿ ರೊಟ್ಟಿ ತಿಂದವನು ನೀನು. ನಿನ್ನನ್ನು ನಾನು ಇಷ್ಟಪಟ್ಟಿದ್ದೆ. ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಈಗ ಕೇಳು. ಮೇಲ್ ಕಳಿಸುವಾಗ ಅಕ್ಷರಗಳನ್ನು ಯಾವ ಲಿಪಿಸಂಕೇತದಲ್ಲಿ ಕಟ್ಟಬೇಕೆಂದು ನಿನ್ನ ಪ್ರೋಗ್ರಾಂ ಎಲ್ಲಿಯೂ ಹೇಳುವುದಿಲ್ಲ. ಹೇಳದಿದ್ದರೆ ಅದು ಇಂಗ್ಲಿಷಿನ ಸಂಕೇತವನ್ನೇ ಹಿಡಿಯುತ್ತದೆ. ಆ ಸಂಕೇತದಲ್ಲಿ ಕನ್ನಡಕ್ಕೆ ಜಾಗವಿಲ್ಲ, ಹಾಗಾಗಿ ಕನ್ನಡದ ಒಂದೊಂದು ಗುರುತಿಗೂ ಒಂದೊಂದು ಪ್ರಶ್ನಾರ್ಥಕ ಹಾಕಿ ಕಳಿಸುತ್ತದೆ. ನೀನು ಸಭೆಗೆ ತೋರಿಸಿದ್ದು ಕಳಿಸುವ ಮೊದಲು ಉಳಿಸಿಟ್ಟ ಪ್ರತಿ. ಊರಿಗೆ ಏನು ಮುಟ್ಟಿತೆಂದು ನೀನು ಒಮ್ಮೆಯೂ ನೋಡಲಿಲ್ಲ.

ಇನ್ನು ನಿನ್ನ ಹತ್ತರ ಲೆಕ್ಕ. ನಮ್ಮ ಕಣ್ಣಿಗೆ ‘ಅಣ್ಣಾಸಾಹೇಬ’ ಐದು ಅಕ್ಷರ. ಕಂಪ್ಯೂಟರ್ ದೀರ್ಘ, ಏತ್ವ, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಇಟ್ಟುಕೊಳ್ಳುತ್ತದೆ. ಎಣಿಸಿದೆ, ಸರಿಯಾಗಿ ಹತ್ತು. ಅಪ್ಪ ಒಂದು ಹೆಚ್ಚು ನೇಯಲಿಲ್ಲ, ಒಂದು ಕಡಿಮೆ ನೇಯಲಿಲ್ಲ. ಕುಡಿದ ಕೈ ಅಷ್ಟು ಸರಿಯಾಗಿ ಎಣಿಸುತ್ತದೆಯೇ?

ಈ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. “ಆ ಹುಡುಗನ ಹೆಸರ ತಗದಬಿಡವ್ವಾ, ಪಾಪ” ಎಂದ. ನಾನು ತೆಗೆಯಲಿಲ್ಲ. ಬರೆದ ಹಾಳೆಗೆ ಕೈ ಹಚ್ಚಬಾರದೆಂದು ಕಲಿಸಿದವನು ಅವನೇ ಅಲ್ಲವೇ ಎಂದೆ. ಅಪ್ಪ ಎದ್ದು ಮಗ್ಗದ ಕಡೆ ಹೋದ.

ಈ ಪತ್ರ ಅಂಚೆಯಲ್ಲಿ ಬಂದಿಲ್ಲ, ಗಮನಿಸಿದೆಯಾ? ನಿನ್ನದೇ ಪ್ರೋಗ್ರಾಮಿನಿಂದ ಕಳಿಸುತ್ತಿದ್ದೇನೆ. ಕನ್ನಡಕ್ಕೂ ಜಾಗವಿರುವ ಸಂಕೇತವನ್ನೇ ಹಿಡಿ ಎಂದು ಮೇಲಿನ ತಲೆಬರಹಕ್ಕೆ ಒಂದು ಸಾಲು, ಒಳಗಿನ ಬರಹಕ್ಕೆ ಒಂದು ಸಾಲು ಸೇರಿಸಿದ್ದೇನೆ, ಬೇರೇನೂ ಮುಟ್ಟಿಲ್ಲ. ನಿನಗೊಬ್ಬನಿಗೇ ಅಲ್ಲ, ಆ ದಿನ ನಿನ್ನ ಪರದೆ ನೋಡಿದ ಅಷ್ಟೂ ಸದಸ್ಯರಿಗೆ, ತುಕಾರಾಮಣ್ಣನಿಗೆ, ಅಣ್ಣಾಸಾಹೇಬ ಮಾಸ್ತರರಿಗೆ ಇದು ಹೋಗುತ್ತಿದೆ. ಇದರಲ್ಲಿ ಅಕ್ಷರದ ಜಾಗದಲ್ಲಿ ಒಂದೇ ಒಂದು ಕೊಕ್ಕೆ ಕಂಡರೂ ನನ್ನಪ್ಪ ಕುಡುಕನೆಂದು ನಾನೇ ಒಪ್ಪುತ್ತೇನೆ. ಕನ್ನಡದಲ್ಲಿ ಓದಲು ಬಂದರೆ ಸೋಮವಾರದ ಸಭೆಗೆ ಬಾ. ಅಪ್ಪನ ಎದುರು ನಿಂತು, ಎಲ್ಲರಿಗೂ ಕೇಳುವಂತೆ, ತಪ್ಪು ನಿನ್ನದೆಂದು ಹೇಳು.

ನಿನ್ನ ಪ್ರೋಗ್ರಾಂ ನೂರು ವರ್ಷ ಬಾಳಲಿ, ನಾನು ಸೇರಿಸಿದ ಎರಡು ಸಾಲಿನೊಂದಿಗೆ.

ನಂದಾ,
ನೇಕಾರ ಹುಲೆಪ್ಪನ ಮಗಳು