ಹೆಚ್ಚಿಗೆ ಸುರಿದ ಎರಡು ಲೀಟರ್

ಚಿಕ್ಕಮುನಿಯಪ್ಪಣ್ಣನವರಿಗೆ, ಕೆಂಗೇರಿಯಿಂದ ರಾಜೇಂದ್ರ ಕೈಮುಗಿದು ಬರೆಯುವುದು.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದ. ನೀವು ನನಗೆ ಮಾರಿದ ಪಿಕಪ್ಪು ಚೆನ್ನಾಗಿದೆ ಅಣ್ಣಾ. ತಪ್ಪು ಗಾಡಿಯದಲ್ಲ, ನಿಮ್ಮದೂ ಅಲ್ಲ.

ಹನ್ನೊಂದು ವರ್ಷ ನೀವು ಲೋಡು ಹೊಡೆದ ಗಾಡಿ. ಕೀ ಕೊಟ್ಟ ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಜ್ಞಾನಭಾರತಿ ಕ್ಯಾಂಪಸ್ಸಿನ ಒಳಗೆ ಒಂದು ಸುತ್ತು ಹಾಕಿದಿರಿ. ಮಂಜಿತ್ತು. ಮರಗಳು ಒಂದೊಂದಾಗಿ ಮಂಜಿನೊಳಗಿಂದ ಬಂದು, ನಮ್ಮನ್ನು ನೋಡಿ ಹಿಂದೆ ಸರಿಯುತ್ತಿದ್ದವು. ಇಂಜಿನ್ನು ಮೆಲುಕು ಹಾಕುವ ಎತ್ತಿನ ಹಾಗೆ ಒಂದೇ ಸಮನಾಗಿತ್ತು. ನಾನು ಮಾತ್ರ ಮೀಟರ್ ನೋಡಿ ಬೆವರುತ್ತಿದ್ದೆ. "ಡೀಸೆಲ್ ಗಾಡಿಗೆ ಮೂರು ಲಕ್ಷ ಕಿಲೋಮೀಟರ್ ಒಂದು ವಯಸ್ಸೇನೋ?" ಅಂದಿರಿ. "ಆಯಿಲ್ ನೋಡ್ಕೋ, ನೀರು ನೋಡ್ಕೋ. ಸುಮ್‌ಸುಮ್ನೆ ಹೆದರ್ಕೋಬೇಡ."

ಹೆದರದೆ ಇರುವುದು ನನಗೆ ಯಾವತ್ತು ಬಂದೀತು? ನಂದಿನಿ ಲೇಔಟಿಗೆ ಬೀರು ಮಂಚ ಸಾಗಿಸುವಾಗಲೂ ಕಿವಿಯೆಲ್ಲ ಇಂಜಿನ್ನಿನ ಮೇಲೇ. ದಿನಾ ಸಂಜೆ ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಆಫ್ ಮಾಡಿದ ತಕ್ಷಣ ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡುತ್ತಿದ್ದೆ. ಕಮ್ಮಿ ಕಾಣುತ್ತಿತ್ತು. ಒಂದಿಷ್ಟು ಸುರಿಯುತ್ತಿದ್ದೆ. ಆಮೇಲೇ ಅನ್ನ ಇಳಿಯುತ್ತಿತ್ತು.

ಎರಡು ತಿಂಗಳಿಗೆ ನೀಲಿ ಹೊಗೆ ಶುರುವಾಯಿತು. ಮೈಸೂರು ರಸ್ತೆಯ ಏರಿನಲ್ಲಿ ಗಾಡಿ ಎಳೆಯಲೇ ಇಲ್ಲ. ಆ ದಿನ ನಮ್ಮ ಬಾಡಿಗೆ ಗಾಡಿ ಸ್ಟ್ಯಾಂಡಿನಲ್ಲಿ ಎಲ್ಲರೆದುರು ನಿಮಗೆ ಅಂದದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ಗಾಡಿಗೆ ಬಣ್ಣ ಹೊಡ್ದು, ಸತ್ತಿರೋ ಇಂಜಿನ್ ನನ್ನ ತಲೆಗೆ ಕಟ್ಟಿದ್ರಿ, ಅಲ್ವಾ?" ನೀವು ಬಾನೆಟ್ ಮೇಲೆ ಒಂದು ಗಳಿಗೆ ಕೈಯಿಟ್ಟು, ರಸ್ತೆ ದಾಟಿ ಹೋದಿರಿ. ಮತ್ತೆ ಸ್ಟ್ಯಾಂಡಿಗೆ ಬರಲಿಲ್ಲ.

ಕಳೆದ ವಾರ ಮೆಕ್ಯಾನಿಕ್ ಯೋಗಾನಂದ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಕಾಲು ಗಂಟೆ ಕಾದು ಕಡ್ಡಿ ಎಳೆದ. ಆಯಿಲ್ ಗುರುತು ದಾಟಿ ಎಷ್ಟೋ ಮೇಲಿತ್ತು. ಮೇಲೆ ಹೋದ ಬಿಸಿ ಆಯಿಲ್ ಕೆಳಗಿಳಿಯುವಷ್ಟು ಹೊತ್ತು ನಾನು ಒಂದು ದಿನವೂ ಕಾದಿರಲಿಲ್ಲ. ಎರಡು ಲೀಟರ್ ಹೊರಗೆ ತೆಗೆದ. "ಗುರು, ಇಂಜಿನ್ ಗುಂಡುಕಲ್ಲಿದ್ದಂಗಿದೆ. ನೀನೇ ಕುಡಿಸಿ ಕುಡಿಸಿ ಅದರ ಹೊಟ್ಟೆ ಕೆಡಿಸಿದೀಯ," ಅಂತ ನಕ್ಕ.

ಎರಡು ದಿನಕ್ಕೆ ಹೊಗೆ ನಿಂತಿತು. ನಿನ್ನೆ ಇಪ್ಪತ್ತು ಮೂಟೆ ಸಿಮೆಂಟ್ ಹೇರಿಕೊಂಡು ಅದೇ ಏರು ಹತ್ತಿದೆ. ರಸ್ತೆಯೇ ತಗ್ಗಿ ದಾರಿ ಬಿಟ್ಟ ಹಾಗಿತ್ತು. ಖುಷಿಯಾಗಬೇಕಿತ್ತು; ನಿಮಗೆ ಅಂದ ಮಾತೇ ನೆನಪಾಯಿತು.

ಸ್ಟ್ಯಾಂಡಿನವರಿಗೆಲ್ಲ ತಪ್ಪು ನನ್ನದೆಂದು ಹೇಳಿದ್ದೇನೆ. ನಕ್ಕರು, ನಗಲಿ. ಇವತ್ತು ಮಧ್ಯಾಹ್ನ ಬಾಡಿಗೆಗೆ ಕಾಯುತ್ತಾ ಕೂತಲ್ಲೇ ಕಣ್ಣು ಹತ್ತಿತ್ತು. ಕನಸಿನಲ್ಲಿ ನೀವು ಬಂದು ನನ್ನನ್ನು ಬೈಯುತ್ತಿದ್ದಿರಿ. ಒಂದು ಮಾತೂ ನೆನಪಿಲ್ಲ, ಆದರೆ ಎಷ್ಟು ಹಿತವಾಗಿತ್ತು! ಎಚ್ಚರವಾದರೆ ನೀವಿರಲಿಲ್ಲ.

ಇಂಜಿನ್ನಿನ ಭಯ ಹೋಯಿತು ಅಣ್ಣಾ. ನೀವು ಬೈಯದೆ ಹೋದಿರಲ್ಲ, ಆ ಭಯ ಹೋಗಿಲ್ಲ. ಸೋಮವಾರ ಸ್ಟ್ಯಾಂಡಿಗೆ ಬನ್ನಿ. ಎಲ್ಲರೆದುರು ಅಂದಿದ್ದೇನೆ, ಎಲ್ಲರೆದುರೇ ಬೈಯಿರಿ.

ನಿಮ್ಮ ಮಂಡಿನೋವು ಇಳಿಯಲಿ, ಕಣ್ತುಂಬ ನಿದ್ದೆ ಬರಲಿ ಎಂದು ಕೇಳಿಕೊಳ್ಳುವ,
ನಿಮ್ಮ ಬೈಗುಳಕ್ಕೆ ಕಾದಿರುವ
ರಾಜೇಂದ್ರ