ಎಚ್ಚರಿಕೆ ಅಂಗಡಿಯಲ್ಲೇ ಉಳಿಯಿತು

ಔಷಧ ನಿಯಂತ್ರಣ ಇಲಾಖೆಯಲ್ಲಿ ಲೇಬಲ್‌ಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಂಗಿ ಬಸುರಿಯಾದ ಒಂಬತ್ತನೆಯ ವಾರದಲ್ಲಿ, ಬಸುರಿಯರು ಮುಟ್ಟಲೇಬಾರದ ಮೊಡವೆ ಕ್ಯಾಪ್ಸೂಲನ್ನು ದಿನಕ್ಕೊಂದರಂತೆ ಐದು ದಿನ ನುಂಗಿದಳು. ನುಂಗುವ ಮುಂಚೆ ಅವು ಇದ್ದ ಸ್ಟ್ರಿಪ್ಪಿನ ತುಂಡನ್ನು ತಿರುಗಿಸಿ ನೋಡಿದ್ದಳು. ಅದರ ಮೇಲೆ ಎಚ್ಚರಿಕೆಯ ಒಂದಕ್ಷರವೂ ಇರಲಿಲ್ಲ. ಎಚ್ಚರಿಕೆ ಇದ್ದ ತುದಿ ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಡ್ರಾಯರಿನಲ್ಲಿತ್ತು. ಅದನ್ನು ಕತ್ತರಿಸಿ ಅಲ್ಲಿ ಉಳಿಸಿದವಳು ನಾನು. ಹಾಗೆ ಉಳಿದುಹೋಗುವಂಥ ಜಾಗದಲ್ಲೇ ಅದನ್ನು ಅಚ್ಚು ಹಾಕಲು ಒಪ್ಪಿಗೆ ಕೊಟ್ಟವರು ತಾವು. ನಮ್ಮಿಬ್ಬರ ಈ ಪಾಲುದಾರಿಕೆ ನಾಲ್ಕು ಜನಕ್ಕೆ ತಿಳಿಯಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮ ಮೇಜಿಗೆ ಸ್ಟ್ರಿಪ್‌ಗಳು ಇಡಿಯಾಗಿಯೇ ಬರುತ್ತವೆ ಎಂದುಕೊಂಡಿದ್ದೇನೆ. ಹತ್ತು ಕ್ಯಾಪ್ಸೂಲ್, ಹೊಳೆಯುವ ಹಾಳೆ, ಒಂದು ತುದಿಯಲ್ಲಿ ತಯಾರಿಕೆಯ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಎಚ್ಚರಿಕೆ. ನೋಡಲು ಅಚ್ಚುಕಟ್ಟಾಗಿರುತ್ತದೆ, ಮುದ್ರೆ ಒತ್ತಲು ಯಾವ ಅಡ್ಡಿಯೂ ಇರುವುದಿಲ್ಲ. ಆದರೆ ನಮ್ಮ ಕೌಂಟರಿಗೆ ಬರುವವರಲ್ಲಿ ಹತ್ತನ್ನೂ ಕೊಳ್ಳುವವರು ಕಡಿಮೆ. ನಾಲ್ಕು ಕೊಡಿ, ಆರು ಕೊಡಿ ಎನ್ನುತ್ತಾರೆ. ಆಗ ಕತ್ತರಿ ಕೈಗೆ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ನಮ್ಮ ಮಾಲೀಕರು ಹೇಳಿಕೊಟ್ಟ ಪಾಠ, "ದಿನಾಂಕ ಇರೋ ತುದಿ ಮುಟ್ಟಬೇಡ, ಆಚೆ ಕಡೆಯಿಂದ ಕತ್ತರಿಸು." ದಿನಾಂಕ ಹೋದರೆ ಉಳಿದದ್ದನ್ನು ಮಾರುವಂತಿಲ್ಲ, ತಪಾಸಣೆಗೆ ಬರುವ ತಮ್ಮವರೇ ದಂಡ ಹಾಕುತ್ತಾರೆ. ಆ ಪಾಠವನ್ನು ಹದಿನಾಲ್ಕು ವರ್ಷದಿಂದ ಚಾಚೂ ತಪ್ಪದೆ ಪಾಲಿಸಿದ್ದೇನೆ. ಹೀಗೆ ಊರಿನವರಿಗೆಲ್ಲ ಔಷಧಿ ಹೋಗಿದೆ, ಎಚ್ಚರಿಕೆ ಮಾತ್ರ ನಮ್ಮ ಡ್ರಾಯರಿನಲ್ಲಿ ಕೂತಿದೆ. ಯಾವುದನ್ನು ಯಾರು ನುಂಗಬಾರದು ಎಂದು ಆ ಡ್ರಾಯರಿಗೆ ತಿಳಿದಷ್ಟು ಇನ್ಯಾರಿಗೂ ತಿಳಿದಿಲ್ಲ. ಡ್ರಾಯರು ಬಸುರಿಯಾಗುವುದಿಲ್ಲ ಎಂಬುದನ್ನು ತಮಗೆ ನೆನಪಿಸಬೇಕೇ?

ಇನ್ನು ತಂಗಿಯ ವಿಷಯ. ಆಕೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಗಾಜಿನ ಹಿಂದೆ ದಿನಕ್ಕೆ ಎಂಟು ಗಂಟೆ ಕೂರುತ್ತಾಳೆ, ಗಾಜಿನ ಮೇಲೆಯೇ ಒಂದು ದೀಪ ಉರಿಯುತ್ತದೆ. ಐದು ವರ್ಷ ಕಾದ ಮೇಲೆ ನಿಂತ ಬಸಿರು. ಏಳನೆಯ ವಾರಕ್ಕೆ ಗಲ್ಲ, ಹಣೆ, ದವಡೆಯ ಅಂಚು ಎಲ್ಲೆಲ್ಲೂ ಮೊಡವೆ ಎದ್ದವು. ಮುಟ್ಟಿದರೆ ನೋವು, ಒಡೆದರೆ ಕಲೆ. ಮೂಗಿನ ಎರಡೂ ಬದಿಗೆ ಕಂದು ಛಾಯೆ ಬೇರೆ. ಗಾಜಿನ ಆಚೆ ನಿಂತವರಿಗೆ ಚಿಲ್ಲರೆ ಬರುವವರೆಗೆ ನೋಡಲು ಇನ್ನೇನಿದೆ? "ಏನಮ್ಮಾ, ಮುಖಕ್ಕೇನಾಯ್ತು?" ಎಂದು ಒಬ್ಬರು. "ಹೆಣ್ಣು ಮಗು ಇರ್ಬೇಕು, ಅಮ್ಮನ ಅಂದ ಎಲ್ಲಾ ಎಳ್ಕೊಳುತ್ತೆ" ಎಂದು ಸರದಿಯಲ್ಲಿ ನಿಂತ, ಬಸಿರಿನ ಸುದ್ದಿ ಗೊತ್ತಿದ್ದ ಇನ್ನೊಬ್ಬರು, ಹೊಟ್ಟೆಯೊಳಗೆ ಇಣುಕಿ ನೋಡಿ ಬಂದವರ ಹಾಗೆ. ಆಕೆಯ ಅತ್ತೆ ಟೂತ್‌ಪೇಸ್ಟ್ ಹಚ್ಚಿದರು. ಪಕ್ಕದ ಕೌಂಟರಿನವಳು ತನ್ನ ಚೀಲದಿಂದ ಮುಖ ಬಿಳಿಯಾಗಿಸುವ ಕ್ರೀಮಿನ ಟ್ಯೂಬ್ ತೆಗೆದುಕೊಟ್ಟಳು. ಸದ್ಯ, ಅದನ್ನು ಆಕೆ ಹಚ್ಚಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಬಸುರಿಯರಿಗೆಂದು ಒಂದು ಪುಸ್ತಕ ಕೊಡುತ್ತಾರೆ. ತಮ್ಮ ಪಕ್ಕದ ಕಟ್ಟಡದ ಆರೋಗ್ಯ ಇಲಾಖೆಯವರೇ ಅಚ್ಚು ಹಾಕಿಸಿದ್ದು. ಮೂವತ್ತೆರಡು ಪುಟ. ಕಬ್ಬಿಣಾಂಶಕ್ಕೆ ನಾಲ್ಕು ಪುಟ, ಚುಚ್ಚುಮದ್ದಿಗೆ ಮೂರು, ಉದ್ಘಾಟನೆಯ ಫೋಟೋಗಳಿಗೆ ಎರಡು. ಮುಖದಲ್ಲಿ ಮೊಡವೆ ಎದ್ದರೆ ಏನು ಹಚ್ಚಬಹುದು, ಏನು ಹಚ್ಚಬಾರದು ಎಂಬುದಕ್ಕೆ ಅರ್ಧ ಸಾಲೂ ಇಲ್ಲ. ಚರ್ಮವೂ ಬಸುರಿಯ ಮೈಯದೇ ಭಾಗ ಎಂದು ಬರೆದವರಿಗೆ ಹೊಳೆಯಲಿಲ್ಲವೋ, ಅದು ಹೆಂಗಸರ ಚೆಂದದ ಚಿಂತೆ ಎಂದು ನಕ್ಕು ಬಿಟ್ಟರೋ ತಿಳಿಯದು. ಪುಸ್ತಕ ಬಾಯಿಬಿಡದಿದ್ದಾಗ ಮನುಷ್ಯರು ಕಣ್ಣಾರೆ ಕಂಡದ್ದನ್ನು ನಂಬುತ್ತಾರೆ. ನನ್ನ ಮಗಳಿಗೆ ಕಳೆದ ವರ್ಷ ಮುಖದ ತುಂಬ ಮೊಡವೆ ಇದ್ದದ್ದನ್ನೂ, ವೈದ್ಯರು ಬರೆದುಕೊಟ್ಟ ಕ್ಯಾಪ್ಸೂಲಿನಿಂದ ಅದು ಇಳಿದದ್ದನ್ನೂ ತಂಗಿ ಕಂಡಿದ್ದಳು. ಕೊನೆಯ ಸಲ ಆರು ಕತ್ತರಿಸಿ ಮನೆಗೆ ತಂದಿದ್ದೆ. ಒಂದು ನುಂಗುವಷ್ಟರಲ್ಲಿ ವೈದ್ಯರು ಇನ್ನು ಸಾಕು ಎಂದರು. ಉಳಿದ ಐದನ್ನು ಬಿಸಾಡಲು ಮನಸ್ಸಾಗದೆ ಫ್ರಿಜ್‌ನ ಬಾಗಿಲಲ್ಲಿ ಇಟ್ಟು ಮರೆತೆ. ಹದಿನಾಲ್ಕು ವರ್ಷ ಔಷಧಿ ಮಾರಿದವಳ ಬುದ್ಧಿ ಇದು, ನಾಚಿಕೆಯಾಗುತ್ತದೆ.

ಭಾನುವಾರ ಬಂದ ತಂಗಿ ಆ ತುಂಡನ್ನು ಎತ್ತಿಕೊಂಡು ಹೋದದ್ದು ನನಗೆ ತಿಳಿಯಲಿಲ್ಲ. ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದಳು. ಚಹಾದ ಲೋಟ ತುಟಿಗೆ ತಾಗಿದ್ದೇ ತಡ, ಚುರ್ ಎಂದು ಹಿಂದೆಗೆದಳು. ತುಟಿ ಎರಡು ಕಡೆ ಒಡೆದು ಸಿಪ್ಪೆ ಎದ್ದಿತ್ತು. ಅಂಥ ತುಟಿಯನ್ನು ನಾನು ಕೌಂಟರಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಯಾರು ಆ ತುಟಿ ತೋರಿಸಿ ಮುಲಾಮು ಕೇಳುತ್ತಾರೋ ಅವರು ಯಾವ ಕ್ಯಾಪ್ಸೂಲ್ ನುಂಗುತ್ತಿದ್ದಾರೆಂದು ಹೇಳಬಲ್ಲೆ.

"ಏನು ತಗೊಂಡೆ?" ಎಂದೆ.

"ಏನಿಲ್ಲಪ್ಪ."

"ನಿಜ ಹೇಳು. ಫ್ರಿಜ್‌ನಲ್ಲಿದ್ದದ್ದು ತಗೊಂಡ್ಯಾ?"

ಆಕೆ ಚೀಲದಿಂದ ಖಾಲಿ ತುಂಡು ತೆಗೆದು ಮೇಜಿನ ಮೇಲಿಟ್ಟಳು. "ತಿರುಗಿಸಿ ನೋಡ್ದೆ ಅಕ್ಕ. ಕಂಪನಿ ಗುರುತು ಬಿಟ್ರೆ ಏನೂ ಬರೆದಿರ್ಲಿಲ್ಲ. ಬರೆದಿದ್ರೆ ಮುಟ್ತಿದ್ನಾ? ನಿನ್ನ ಮನೇಲಿ ಇತ್ತು, ನೀನೇ ಔಷಧಿ ಅಂಗಡೀಲಿ ಇರೋಳು, ಅದಕ್ಕೇ ಧೈರ್ಯವಾಗಿ ನುಂಗ್ದೆ."

ಆ ಧೈರ್ಯ ಎಂಬ ಮಾತು ಅಂದಿನಿಂದ ನನ್ನ ಎದೆಯಲ್ಲಿ ಚುಚ್ಚಿಕೊಂಡು ಕೂತಿದೆ. ಮರುದಿನ ಬೆಳಿಗ್ಗೆಯೇ ವೈದ್ಯೆಯ ಬಳಿ ಹೋದೆವು. ಅವರು ಬೈಯಲಿಲ್ಲ, ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ. "ಏನೂ ಆಗದೇ ಇರಬಹುದು. ಆಗಿರಲೂಬಹುದು. ಮಗುವಿನ ಹೃದಯ, ಮಿದುಳು, ಕಿವಿ ರೂಪುಗೊಳ್ಳೋ ಹೊತ್ತು ಇದು. ಹತ್ತೊಂಬತ್ತನೇ ವಾರದ ದೊಡ್ಡ ಸ್ಕ್ಯಾನ್ ತನಕ ಖಚಿತವಾಗಿ ನಾನೇನೂ ಹೇಳಲಾರೆ" ಎಂದರು. ತಂಗಿ ತಲೆ ತಗ್ಗಿಸಿ, ಕೇಳಬಾರದ್ದನ್ನು ಕೇಳುವವಳ ಹಾಗೆ, "ಮುಖಕ್ಕೆ ಏನ್ ಮಾಡ್ಲಿ ಡಾಕ್ಟ್ರೇ?" ಎಂದಳು. ಅವರು ಹೇಳಲು ತೆಗೆದುಕೊಂಡದ್ದು ಎರಡೇ ನಿಮಿಷ. ದಿನಕ್ಕೆ ಎರಡು ಸಲ ಮೃದುವಾದ ಸೋಪಿನಲ್ಲಿ ತೊಳೆಯಬೇಕು, ಉಜ್ಜಬಾರದು, ಕಿವುಚಬಾರದು. ಎಣ್ಣೆಯಿಲ್ಲದ ತೇವದ ಕ್ರೀಮು ಸಾಕು. ಬಿಸಿಲಿಗೆ ಹೋದರೆ ಕಂದು ಛಾಯೆ ಗಾಢವಾಗುತ್ತದೆ, ಕೊಡೆ ಹಿಡಿಯಬೇಕು, ಬಿಸಿಲಿನ ಕ್ರೀಮು ಹಚ್ಚಬೇಕು. ಬಸಿರಿನಲ್ಲಿ ಹಚ್ಚಬಹುದಾದ ಒಂದು ಮುಲಾಮನ್ನು ತಾವೇ ಬರೆದುಕೊಟ್ಟರು, ಬೇರೆ ಯಾವುದನ್ನೂ ತಮ್ಮನ್ನು ಕೇಳದೆ ಹಚ್ಚಕೂಡದು ಎಂದರು. "ಹೊಟ್ಟೆ ಮೇಲೆ ಒಂದು ಕಪ್ಪು ಗೆರೆ ಬರುತ್ತೆ, ಹೆದರಬೇಡಿ. ಹೆರಿಗೆ ಆದ ಮೇಲೆ ಇದರಲ್ಲಿ ಬಹುಪಾಲು ತಾನಾಗೇ ತಿಳಿಯಾಗುತ್ತೆ." ಹೊರಗೆ ಬಂದು ಬೆಂಚಿನ ಮೇಲೆ ಕೂತು ತಂಗಿ ಅತ್ತಳು. "ಇಷ್ಟೇ ಆಗಿತ್ತಲ್ಲಾ ಅಕ್ಕ. ಯಾರಾದ್ರೂ ಮೊದ್ಲೇ ಹೇಳಬಾರದಿತ್ತಾ?" ಎಂದಳು. ಆ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ.

ಮುಂದಿನ ವಾರ ತಮ್ಮ ಕಚೇರಿಗೇ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ, ಮೂರು ಗಂಟೆ ಕಾದ ಮೇಲೂ ಸಭೆಯಲ್ಲೇ ಇದ್ದಿರಿ. ತಮ್ಮ ಸಹಾಯಕರು ಕಡತದಿಂದ ಇಡೀ ಸ್ಟ್ರಿಪ್ ತೆಗೆದು, ಭೂತಗನ್ನಡಿ ಹಿಡಿದು, "ನೋಡಿ, ಎಚ್ಚರಿಕೆ ಇದೆ" ಎಂದರು.

"ಕತ್ತರಿಸಿದ ಮೇಲೆ?"

"ಕತ್ತರಿಸೋದು ನೀವು. ಅದು ನಮ್ಮ ವ್ಯಾಪ್ತಿಗೆ ಬರಲ್ಲ."

"ಪ್ರತಿ ಕ್ಯಾಪ್ಸೂಲಿನ ಹಿಂದೆ ಯಾಕೆ ಹಾಕಿಸಬಾರದು?"

"ಜಾಗ ಇಲ್ಲವಲ್ಲಮ್ಮ."

ಜಾಗ ಇಲ್ಲ. ನಾನು ಆ ಸ್ಟ್ರಿಪ್ ತಿರುಗಿಸಿ ತೋರಿಸಿದೆ. ಹತ್ತು ಕ್ಯಾಪ್ಸೂಲಿನ ಹಿಂದೆ ಹತ್ತು ಸಲ ಕಂಪನಿಯ ಗುರುತು, ಎರಡು ಬಣ್ಣದಲ್ಲಿ. ಯಾರು ಮಾಡಿದ್ದೆಂದು ಜನ ಮರೆಯಕೂಡದು, ಯಾರಿಗೆ ಆಗದೆಂದು ಮರೆತರೆ ಪರವಾಗಿಲ್ಲ. ಸಹಾಯಕರ ಮೇಜಿನ ಮೇಲೆ ಎರಡು ಮಾತ್ರೆಯ ಒಂದು ತುಂಡು ಬಿದ್ದಿತ್ತು. ಯಾವ ಮಾತ್ರೆ ಎಂದು ಕೇಳಿದೆ. "ತಲೆನೋವಿಂದು" ಎಂದರು. ಹೆಸರೇನು ಎಂದೆ. ತಿರುಗಿಸಿ ನೋಡಿದರು, ಹೆಸರಿನ ಅರ್ಧ ಕತ್ತರಿಗೆ ಹೋಗಿತ್ತು. ಅವರು ಅದನ್ನು ಡ್ರಾಯರಿಗೆ ಹಾಕಿ ಮುಚ್ಚಿದರು.

ನನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟಲು ಹೊರಟಿಲ್ಲ. ಈ ಕ್ಯಾಪ್ಸೂಲ್ ಕೊಡುವಾಗ ಹೆಂಗಸರಿಗೆ ಬಾಯಿಮಾತಿನಲ್ಲಿ ಹೇಳುತ್ತಿದ್ದೆ, ಬಹಳ ಸಲ. ಸರದಿ ಉದ್ದವಿದ್ದಾಗಲೂ ಹೇಳಿದ್ದೇನೆಂದು ಆಣೆ ಮಾಡಲಾರೆ. ಈಗ ಪ್ರತಿ ತುಂಡಿಗೂ ಒಂದು ಚೀಟಿ ಪಿನ್ ಹೊಡೆದು ಕೊಡುತ್ತೇನೆ, ಔಷಧಿಯ ಪೂರ್ತಿ ಹೆಸರು, ದಿನಾಂಕ, ಯಾರಿಗೆ ಆಗದು ಎಂಬುದು, ದಪ್ಪ ಅಕ್ಷರದಲ್ಲಿ. ಗಿರಾಕಿಗಳು ತಡವಾಯಿತೆಂದು ಗೊಣಗುತ್ತಾರೆ, ಮಾಲೀಕರು ಗಡಿಯಾರ ನೋಡುತ್ತಾರೆ. ಒಂದು ಇಡೀ ಇಲಾಖೆಯ ಕೆಲಸ ಒಂದು ಸ್ಟೇಪ್ಲರಿನಿಂದ ಆಗುತ್ತಿದೆ. ಆದರೆ ನನ್ನ ಸ್ಟೇಪ್ಲರ್ ಒಂದೇ ಅಂಗಡಿಯದು.

ಆದ್ದರಿಂದ ನನ್ನ ಬೇಡಿಕೆ, ಬೇಡಿಕೊಳ್ಳುವ ದನಿಯಲ್ಲಿ ಅಲ್ಲ. ಬಸುರಿಯರಿಗೆ ಕೇಡು ಮಾಡುವ ಯಾವುದೇ ಔಷಧಿಯಾಗಲಿ, ಪ್ರತಿ ಗುಳಿಗೆಯ ಬೆನ್ನಿಗೂ ಅದರ ಹೆಸರು ಮತ್ತು ಎಚ್ಚರಿಕೆ ಇರಬೇಕು. ಕಂಪನಿಯ ಗುರುತು ಬೇಕಾದರೆ ಆ ತುದಿಗೆ ಹೋಗಿ ಕೂರಲಿ, ನಮ್ಮ ಡ್ರಾಯರಿನಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿದೆ. ಮತ್ತು ಆ ಪುಸ್ತಕದಲ್ಲಿ, ವೈದ್ಯೆ ಎರಡು ನಿಮಿಷದಲ್ಲಿ ಹೇಳಿದ್ದಕ್ಕೆ ಒಂದು ಪುಟ ಬೇಕು. ಉದ್ಘಾಟನೆಯ ಫೋಟೋ ಒಂದು ಕಡಿಮೆಯಾದರೆ ಸಾಕು. ಮೂವತ್ತು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ.

ಸ್ಕ್ಯಾನ್ ನಾಡಿದ್ದು ಬೆಳಿಗ್ಗೆ ಹತ್ತೂವರೆಗೆ. ಹತ್ತು ವಾರದಿಂದ ತಂಗಿ ಕನ್ನಡಿ ನೋಡಿಲ್ಲ. ಮೊಡವೆ ಬಹುತೇಕ ಇಳಿದಿದೆ ಎಂದು ನಾನು ಹೇಳಿದರೆ ಆಕೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳುತ್ತಾಳೆ. ಫಲಿತಾಂಶ ನೋಡಿ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬೇಕೆಂದೇ ಮುಂಚೆ ಬರೆದೆ. ನಾಡಿದ್ದು ಎಲ್ಲ ಸರಿಯಿದೆ ಎಂದರೆ ನಾನು ಖುಷಿಯಲ್ಲಿ ತಮ್ಮನ್ನು ಕ್ಷಮಿಸಿಬಿಡುತ್ತೇನೆ, ನನ್ನನ್ನೂ. ಸರಿಯಿಲ್ಲ ಎಂದರೆ ಇದನ್ನು ತಾವು ಒಬ್ಬ ಅಕ್ಕನ ಗೋಳು ಎಂದು ಬದಿಗಿಡುತ್ತೀರಿ. ಇವತ್ತು ಎರಡೂ ಅಲ್ಲ. ಇವತ್ತು ನನಗೆ ಏನೂ ಗೊತ್ತಿಲ್ಲ, ಭಯ ಮಾತ್ರ ಇದೆ.

ಆ ಖಾಲಿ ತುಂಡನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ದಯವಿಟ್ಟು ತಿರುಗಿಸಿ ನೋಡಿ. ಅವಳೂ ನೋಡಿದ್ದಳು.

ಇಂತಿ,
ಕತ್ತರಿಯನ್ನು ಯಾವ ಕಡೆಯಿಂದ ಆಡಿಸಬೇಕೆಂದು ಚೆನ್ನಾಗಿ ಕಲಿತಿದ್ದ,
ಔಷಧಿ ಅಂಗಡಿಯ ಅಕ್ಕ