ಕೂಗದ ಯಂತ್ರಗಳ ವಾರ್ಡು

ಗಲಾಟೆಯಿಲ್ಲದ ವಾರ್ಡೇ ಗುಣವಾಗುವ ವಾರ್ಡು ಎಂದೋ, ಅದಕ್ಕೆ ಹತ್ತಿರದ್ದೇನೋ ನೀವು ಹೇಳಿದ ನೆನಪು, ಮಾನ್ಯ ಅಧೀಕ್ಷಕರೇ. ನಿಮ್ಮ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ಬಾಗಿಲಿಗೆ ‘ಪ್ರಶಾಂತ ವಾರ್ಡ್’ ಎಂಬ ಫಲಕ ಹೊಡೆಸಿದ ದಿನ. ಶಾಂತಿ ಬಂದದ್ದು ನಿಜ. ರೋಗಿಗಳ ರಕ್ತದಲ್ಲಿ ಕಸ ಉಳಿಸಿ ಅದನ್ನು ತಂದಿದ್ದೀರಿ ಎಂಬುದಷ್ಟೇ ನನ್ನ ದೂರು.

ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಯಂತ್ರ ಹೊರಗೆಳೆದು, ಸೋಸಿ, ಮೈಗೆ ಹಿಂದಿರುಗಿಸುತ್ತದೆ. ನಾಲ್ಕು ಗಂಟೆಯಲ್ಲಿ ಹೆಚ್ಚು ರಕ್ತ ಹಾದರೆ ಹೆಚ್ಚು ಕಸ ಹೋಗುತ್ತದೆ, ಕಡಿಮೆ ಹಾದರೆ ಕಡಿಮೆ. ಆದರೆ ಜೋರಾಗಿ ಎಳೆಯುವಾಗ ಕೊಳವೆ ಕೊಂಚ ಮಡಿಚಿಕೊಂಡರೂ ಯಂತ್ರ ಕೂಗುತ್ತದೆ. ಯಾರಾದರೂ ಎದ್ದು ಹೋಗಿ ಸರಿಪಡಿಸಬೇಕು. ಎದ್ದು ಹೋಗುವವರನ್ನು ನೇಮಿಸುವ ಗೋಜೇಕೆಂದು ನೀವು ಎಲ್ಲ ಯಂತ್ರಗಳನ್ನೂ ನಿಧಾನ ಮಾಡಿಸಿದಿರಿ. ಗಂಟೆ ಮಾತ್ರ ಅದೇ ನಾಲ್ಕು. ಅರ್ಧ ಒಗೆದ ಬಟ್ಟೆಯನ್ನು ಮಡಿಸಿಟ್ಟು, ಬೀರು ಎಷ್ಟು ಅಚ್ಚುಕಟ್ಟಾಗಿದೆ ನೋಡಿ ಎಂದು ಬೀಗುವವರನ್ನು ನಾನು ಈವರೆಗೆ ಕಂಡಿರಲಿಲ್ಲ.

ಕಿಟಕಿ ಪಕ್ಕದ ಮಂಚ ನನ್ನ ಅಕ್ಕನದು. ಹೊಲಿಗೆ ಅವಳ ಕಸುಬು. ಈಚೆಗೆ ಬಾಯಿಗೆ ಏನಿಟ್ಟರೂ ತುಕ್ಕಿನ ರುಚಿ, ಮೈಯೆಲ್ಲ ತುರಿಕೆ. ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಯೂರಿಯಾ ಏರಿ ಕೂತಿದೆ. ಮೊನ್ನೆ ನರ್ಸನ್ನು ಕೇಳಿದಳು:

“ಸ್ವಲ್ಪ ಜೋರು ಮಾಡಮ್ಮ. ಇದು ಸೋಸ್ತಾ ಇದೆಯೋ, ನಿದ್ದೆ ಹೊಡೀತಾ ಇದೆಯೋ?”

“ಜೋರು ಮಾಡಿದ್ರೆ ಇದು ಕೂಗತ್ತೆ ಅಕ್ಕ. ಇದು ಕೂಗಿದ್ರೆ ಸಾಹೇಬ್ರು ಕೂಗ್ತಾರೆ.”

“ಇದರ ಬಾಯಿ ಮುಚ್ಚಿಸೋಕೆ ಒಂದು ಗುಂಡಿಯಾದ್ರೂ ಇದೆ.”

ವಾರ್ಡಿಗೆ ವಾರ್ಡೇ ನಕ್ಕಿತು. ನಿಮ್ಮ ಫಲಕಕ್ಕೆ ಅಷ್ಟರ ಮಟ್ಟಿಗೆ ಅಪಚಾರವಾಯಿತು; ಮನ್ನಿಸಬೇಕು.

ಎಲ್ಲರ ಮೈಯೂ ಒಂದೇ ವೇಗ ತಾಳುವುದಿಲ್ಲವೆಂದು ನನಗೂ ಗೊತ್ತು. ಅದಕ್ಕೆಂದೇ ಅಲ್ಲವೇ ವೈದ್ಯರು ಒಬ್ಬೊಬ್ಬರಿಗೆ ಒಂದೊಂದು ವೇಗ ಗೊತ್ತುಮಾಡಿದ್ದು? ಅದನ್ನು ಅಳಿಸಿ ಎಲ್ಲರನ್ನೂ ಒಂದೇ ಹದಕ್ಕೆ ತರಲು ನೀವು ಯಾವ ನಾಡಿ ಹಿಡಿದು ನೋಡಿದಿರಿ? ಕಿವಿಯೊಂದನ್ನು ಬಿಟ್ಟರೆ ನಿಮ್ಮ ಬೇರಾವ ಅಂಗಕ್ಕೂ ಆ ವಾರ್ಡಿನ ಪರಿಚಯವಿದ್ದಂತಿಲ್ಲ.

ವೈದ್ಯರು ಹೇಳಿದ ವೇಗವನ್ನು ಈ ವಾರವೇ ಹಿಂದಿರುಗಿಸಿ. ಕೂಗಿದಾಗ ಓಗೊಡಲು ಇನ್ನೊಬ್ಬರನ್ನು ನೇಮಿಸಿ. ಫಲಕ ಬೇಕಾದರೆ ಅಲ್ಲೇ ಇರಲಿ, ಅದು ಯಾರ ರಕ್ತವನ್ನೂ ಕುಡಿಯುವುದಿಲ್ಲ.

ಅಕ್ಕ ಈಗಲೂ ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಕಾಲು ಪೆಡಲಿನ ಮೇಲಿರುತ್ತದೆ, ತುಳಿಯುವುದಿಲ್ಲ. ನಮ್ಮ ಮನೆಯೂ ಬಹಳ ಪ್ರಶಾಂತವಾಗಿದೆ. ಇಲ್ಲಿಗೂ ಒಂದು ಫಲಕ ಕಳಿಸುತ್ತೀರಾ?

ಇಂತಿ,
ಗದ್ದಲಕ್ಕಾಗಿ ಕಾದಿರುವ,
ಕಿಟಕಿ ಪಕ್ಕದ ಮಂಚದವಳ ತಮ್ಮ